ಸೆಕೆಂಡ್ ಪಿಯುಸಿ ಮಗಳು ಯಾರ ಹತ್ತಿರವೂ ಮಾತಾಡುತ್ತಿಲ್ಲ, ಏನು ಮಾಡಲಿ?

ದಾವಣಗೆರೆ ಅಮ್ಮ:
ಎಲ್ಲರಿಗೂ ನಮಸ್ಕಾರ. ಮಗಳು ಪಿಸಿಎಂಬಿ ಓದುತ್ತಿದ್ದಾಳೆ. ಬೆಳಗ್ಗೆ ಕಾಲೇಜು, ಆಮೇಲೆ ಸಂಜೆವರೆಗೂ ಅಲ್ಲೇ ನೀಟ್ ಕೋಚಿಂಗ್. ಮನೆಗೆ ಬಂದವಳೇ ರೂಮಿನ ಬಾಗಿಲು ಹಾಕಿಕೊಳ್ಳುತ್ತಾಳೆ. ಊಟಕ್ಕೆ ಕರೆದರೆ "ಹಸಿವಿಲ್ಲ" ಅಂತಾಳೆ. ರಾತ್ರಿ ಒಂದು ಗಂಟೆವರೆಗೂ ರೀಲ್ಸ್. ವಾರದ ಟೆಸ್ಟಿನ ರ‍್ಯಾಂಕ್ ಲಿಸ್ಟ್ ಪೇರೆಂಟ್ಸ್ ವಾಟ್ಸಾಪ್ ಗ್ರೂಪಿಗೆ ಬರುತ್ತದೆ, ಆ ದಿನವಂತೂ ಮುಖ ಕೊಟ್ಟು ಮಾತಾಡುವುದಿಲ್ಲ. ಮುಂಚೆ ದಿನಾ ಸಂಜೆ ಶಟಲ್ ಆಡುತ್ತಿದ್ದಳು, ಈಗ ರ‍್ಯಾಕೆಟ್ ಬೀರುವಿನ ಮೇಲೆ ಧೂಳು ತಿನ್ನುತ್ತಿದೆ. ಅವರಪ್ಪ ಫೋನ್ ಕಿತ್ತಿಟ್ಟುಕೊಳ್ಳೋಣ ಅಂತಾರೆ, ನನಗೆ ಭಯ. ಈ ವಯಸ್ಸಿಗೆ ಇದೆಲ್ಲ ಸಹಜಾನಾ?

ಪಿಯು ಮೇಷ್ಟ್ರು:
ಸುಮ್ನೆ ಫೋನ್ ಕಿತ್ತುಕೊಳ್ಳಬೇಡಿ ಮೇಡಂ. ಇಡೀ ದಿನ ಮಾರ್ಕ್ಸು, ರ‍್ಯಾಂಕು ಅಂತಲೇ ಕೇಳಿ ಬಂದ ಮಗುವಿಗೆ ತಲೆ ಹಗುರ ಮಾಡಿಕೊಳ್ಳೋಕೆ ಸದ್ಯ ಇರುವುದು ಅದೊಂದೇ. ಮೊದಲು ಆ ರ‍್ಯಾಕೆಟ್ ಕೆಳಗಿಳಿಸಿ. ಅರ್ಧ ಗಂಟೆ ಆಡಿದರೆ ಓದು ಹಾಳಾಗುವುದಿಲ್ಲ, ನನ್ನ ಕ್ಲಾಸಿನಲ್ಲಿ ಆಡುವ ಮಕ್ಕಳೇ ಜಾಸ್ತಿ ಹೊತ್ತು ಗಮನ ಕೊಟ್ಟು ಕೂರುತ್ತಾರೆ. ಇನ್ನೊಂದು ವಿಷಯ ಅವಳಿಗೆ ಬಿಡಿಸಿ ಹೇಳಿ. 2024ರಿಂದ ಪಿಯು ಬೋರ್ಡ್ ಪರೀಕ್ಷೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ನಡೆಯುತ್ತಿದೆ, ಯಾವುದರಲ್ಲಿ ಜಾಸ್ತಿ ಬಂತೋ ಆ ಅಂಕವನ್ನೇ ಇಟ್ಟುಕೊಳ್ಳಬಹುದು. ಇದು ಗೊತ್ತಿದ್ದೂ ಎಷ್ಟೋ ಮಕ್ಕಳು ಒಂದೇ ಸಲಕ್ಕೆ ಎಲ್ಲಾ ಮುಗಿದುಹೋಯ್ತು ಅಂದುಕೊಳ್ಳುತ್ತಾರೆ.

ಬಿಇ ಹುಡುಗಿ:
ಆಂಟಿ, ನಾನೂ ಹಾಗೇ ಇದ್ದೆ. ರೀಲ್ಸ್ ನೋಡುವಾಗ ಖುಷಿ ಅಂತೇನೂ ಇರುತ್ತಿರಲಿಲ್ಲ, ಫೋನ್ ಕೆಳಗಿಟ್ಟರೆ ನಾಳೆಯ ಟೆಸ್ಟ್ ನೆನಪಾಗುತ್ತದೆ ಅಂತ ಇಡುತ್ತಿರಲಿಲ್ಲ ಅಷ್ಟೇ. ಬಾತ್‌ರೂಮಿನಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅಳುತ್ತಿದ್ದೆ, ಮನೆಯಲ್ಲಿ ಯಾರಿಗೂ ಕೇಳಿಸಬಾರದು ಅಂತ. ನಮ್ಮಮ್ಮ ರಾತ್ರಿ ಬಂದು ನನ್ನ ಮಂಚದ ಮೇಲೆ ಕೂತು ಒಣಗಿದ ಬಟ್ಟೆ ಮಡಚುತ್ತಾ ಚಿಕ್ಕಮ್ಮನ ಮನೆ ಸುದ್ದಿ, ತರಕಾರಿಯವನ ಸುದ್ದಿ ಏನೇನೋ ಹೇಳುತ್ತಿದ್ದರು, ಓದಿನ ಮಾತೇ ಎತ್ತುತ್ತಿರಲಿಲ್ಲ. ಕೊನೆಗೆ ಒಂದಿನ ನಾನೇ ಬಾಯಿಬಿಟ್ಟೆ. ಮನೆಗೆ ಬಂದ ತಕ್ಷಣ "ಟೆಸ್ಟ್ ಹೇಗಾಯ್ತು" ಅಂತ ಮಾತ್ರ ಕೇಳಬೇಡಿ, ಪ್ಲೀಸ್.

ಆಪ್ತ ಸಮಾಲೋಚಕಿ:
ಟೆಸ್ಟ್ ಹತ್ತಿರ ಬಂದಾಗ ಸಿಡುಕುವುದು ಸಹಜ. ಆದರೆ ಹಸಿವು, ನಿದ್ದೆ, ಇಷ್ಟದ ಆಟ ಮೂರೂ ಒಟ್ಟಿಗೆ ಹೋಗಿ ಎರಡು ವಾರವಾದರೂ ಸರಿಹೋಗದಿದ್ದರೆ ಖಂಡಿತ ತೋರಿಸಿ. 13ರಿಂದ 18ರ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಈ ವಯಸ್ಸಿನಲ್ಲಿ ನಿದ್ದೆ ಬರುವುದೇ ತಡ, ಎಬ್ಬಿಸುವುದು ಮಾತ್ರ ಬೇಗ, ಅಲ್ವಾ? ನಿದ್ದೆ ಕಡಿಮೆಯಾದಷ್ಟೂ ಸಣ್ಣ ಮಾತಿಗೂ ಅಳು, ಕೋಪ ಬರುತ್ತದೆ. ಮಲಗುವ ಹೊತ್ತಿಗೆ ಮನೆಯವರೆಲ್ಲರ ಫೋನೂ ಹಾಲ್‌ನಲ್ಲಿರಲಿ, ಅವಳದೊಂದೇ ಅಲ್ಲ.

"ನಾನಿಲ್ಲದಿದ್ರೆ ಚೆನ್ನಾಗಿರ್ತಿತ್ತು" ಅನ್ನುವಂಥ ಮಾತು ಬಂದರೆ, ಕೈಮೇಲೆ ಗಾಯ ಕಂಡರೆ, ಅವತ್ತೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಅಂಥ ಯೋಚನೆ ಹುಟ್ಟುವುದಿಲ್ಲ. 2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಅಂದರೆ 14416ಕ್ಕೆ, ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ದಾವಣಗೆರೆ ಅಮ್ಮ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅವರಪ್ಪನಿಗೂ ಇದನ್ನೆಲ್ಲ ಓದಿಸಿದೆ. ಆ ನಂಬರಿಗೆ ಮೊದಲು ನಾನೇ ಫೋನ್ ಮಾಡಿ ಕೇಳಬಹುದಾ, ಇಲ್ಲ ಅವಳೇ ಮಾಡಬೇಕಾ?

ಆಪ್ತ ಸಮಾಲೋಚಕಿ:
ನೀವೇ ಮಾಡಿ, ಅಪ್ಪ ಅಮ್ಮಂದಿರ ಜೊತೆಗೂ ಮಾತಾಡುತ್ತಾರೆ. ಅವಳಿಗೂ ನಂಬರ್ ಕೊಟ್ಟಿಡಿ.