‘ಟೈಮ್‌ಶೀಟ್’ಗೆ ಏನನ್ನೋಣ? ಗಂಟೆ–ತಾಸಿನ ತಕರಾರು

ಬಲ್ಲವರಿಗೆಲ್ಲ ನಮಸ್ಕಾರ.

ಬೆಳಗಾವಿಯಿಂದ ಬರೆಯುತ್ತಿದ್ದೇನೆ. ಇಲ್ಲಿನ ಒಂದು ಶಿಕ್ಷಣ ಸಂಸ್ಥೆಗೆ ಬೈಲಹೊಂಗಲ, ಸವದತ್ತಿ ಕಡೆ ಎಲ್ಲ ಸೇರಿ ಎಂಟು ಸಾಲಿಗಳಿವೆ. ಬಸ್ಸಿನ ಡ್ರೈವರು, ಅಡುಗೆಯವರು, ಆಯಾ, ಸಿಪಾಯಿ, ಕ್ಲಾರ್ಕು ದಿನಾ ಎಷ್ಟು ಹೊತ್ತು ದುಡಿದರು ಅನ್ನುವುದನ್ನು ಇಷ್ಟು ವರ್ಷ ಕಾಗದದ ಮೇಲೆ ಬರೆದು ತಿಂಗಳ ಕೊನೆಗೆ ಹೆಡ್ ಆಫೀಸಿಗೆ ಕಳಿಸುತ್ತಿದ್ದರು. ಈ ಲೆಕ್ಕಕ್ಕೇ ಇಂಗ್ಲಿಷಿನಲ್ಲಿ ಟೈಮ್‌ಶೀಟ್ ಅನ್ನುವುದು. ಈ ಜೂನಿನಿಂದ ಅದು ಮೊಬೈಲಿಗೆ ಬಂದಿದೆ. ಆ್ಯಪಿನ ಪರದೆಗಳನ್ನೂ ಅದರ ಕೈಪಿಡಿಯನ್ನೂ ಕನ್ನಡ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಕೈಪಿಡಿ ಅಮೆರಿಕದ್ದು, ಅಲ್ಲಿನ ಸ್ಕೂಲ್ ಡಿಸ್ಟ್ರಿಕ್ಟುಗಳಿಗೆಂದು, ಅಂದರೆ ಊರಿನ ಸರ್ಕಾರಿ ಸಾಲಿಗಳನ್ನು ನಡೆಸುವ ಸಂಸ್ಥೆಗಳಿಗೆಂದು ಬರೆದದ್ದು. ಮೂರ್ನಾಲ್ಕು ಪದಗಳಲ್ಲಿ ಎಡವಿದೆ, ಒಂದರಲ್ಲಂತೂ ಬಿದ್ದೇ ಬಿಟ್ಟೆ. ಬಿದ್ದದ್ದನ್ನೇ ಮೊದಲು ಹೇಳುತ್ತೇನೆ.

ಅವತ್ತು ಒಟ್ಟು ಎಷ್ಟು ಹೊತ್ತು ಕೆಲಸ ಆಯಿತು ಎಂದು ತುಂಬುವ ಖಾನೆಯೊಂದಿದೆ. ನಾನು ಯೋಚಿಸದೆ ‘ಕೆಲಸದ ಗಂಟೆ’ ಎಂದು ಬರೆದೆ. ಒಬ್ಬ ಡ್ರೈವರು ಇಡೀ ತಿಂಗಳು ಆ ಖಾನೆಯಲ್ಲಿ 5 ತುಂಬಿದರು. ಅವರು ಬೆಳಿಗ್ಗೆ ಏಳಕ್ಕೆ ಬಸ್ ತೆಗೆದರೆ ಬಿಡುವುದು ಸಂಜೆ ಐದಕ್ಕೆ. ನಡುವಿನ ಬಿಡುವು ಕಳೆದರೂ ಎಂಟು ತಾಸಿನ ದುಡಿಮೆ. ಪಗಾರದಲ್ಲಿ ದಿನಕ್ಕೆ ಮೂರು ತಾಸು ಕಡಿತವಾಗಿತ್ತು. ಕೇಳಲು ಹೋದರೆ ಆಫೀಸಿನವರು ಅವರೇ ತುಂಬಿದ ಅಂಕಿಯನ್ನು ಅವರಿಗೇ ತೋರಿಸಿ ಕಳಿಸಿದರಂತೆ. ನಾನು ವಿಚಾರಿಸಲು ಹೋದಾಗ ಬಿಸಿಯೂಟದ ಅಡುಗೆಯವರು ಒಂದೇ ಮಾತಿನಲ್ಲಿ ನನ್ನ ತಪ್ಪು ಹೇಳಿಬಿಟ್ಟರು: “ಅಕ್ಕಾರ, ನೀವು ಗಂಟಿ ಕೇಳೀರಿ, ಆಂವ ಗಂಟಿ ಹೇಳ್ಯಾನ. ತಾಸ ಕೇಳಿದ್ರ ತಾಸ ಹೇಳ್ತಿದ್ದ.”

ನಾನೂ ಮನೆಯಲ್ಲಿ ಹಾಗೇ ಮಾತಾಡುವವಳು. ‘ಎಂಟ ಗಂಟೇಕ ಬಾ’ ಅಂದರೆ ಗಡಿಯಾರದ ಎಂಟು, ‘ಎಂಟ ತಾಸ ಹಿಡೀತು’ ಅಂದರೆ ಹಿಡಿದ ಹೊತ್ತು. ಎರಡಕ್ಕೂ ಬೇರೆ ಬೇರೆ ಪದ ನಮ್ಮ ಬಾಯಲ್ಲಿವೆ. ಬರೆಯಲು ಕೂತಾಗ ಮಾತ್ರ ಪುಸ್ತಕದ ಕನ್ನಡ ಬಂದು ಎರಡನ್ನೂ ‘ಗಂಟೆ’ ಮಾಡಿಬಿಡುತ್ತದೆ. ಈ ಪದಗಳೆಲ್ಲ ಹೊತ್ತು ಅಳೆಯುವ ಸಾಮಾನಿನಿಂದಲೇ ಹುಟ್ಟಿದವು. ಗಂಟೆ ಬಾರಿಸುವ ಗಂಟೆ. ಗಳಿಗೆ ಸಂಸ್ಕೃತದ ಘಟಿಕೆ, ತಳದಲ್ಲಿ ತೂತಿದ್ದ ಬಟ್ಟಲು. ನೀರಿನ ಮೇಲೆ ಬಿಟ್ಟರೆ ತುಂಬಿ ಮುಳುಗಲು 24 ನಿಮಿಷ. ತಾಸು ಪಾರಸಿಯ ‘ತಾಸ್’, ಅದೂ ಲೋಹದ ಬಟ್ಟಲೇ. ಎರಡೂವರೆ ಗಳಿಗೆಗೆ ಒಂದು ತಾಸು. ನನಗನಿಸುವುದು, ಗಂಟೆ ಬಾರಿಸುವ ಒಂದು ಕ್ಷಣಕ್ಕೆ ಅಂಟಿಕೊಂಡಿತು, ತಾಸು ಬಟ್ಟಲು ತುಂಬುವ ಹೊತ್ತಿಗೆ. ಇದು ನನ್ನ ಊಹೆ ಅಷ್ಟೇ, ಆದರೆ ಡ್ರೈವರರ ಪಗಾರ ನನ್ನ ಪರವಾಗಿ ಸಾಕ್ಷಿ ಹೇಳುತ್ತದೆ.

ಹಾಗಾದರೆ ‘ಕೆಲಸದ ತಾಸು’ ಎಂದು ತಿದ್ದಿದರೆ ಮುಗಿಯಿತಲ್ಲ? ಇಲ್ಲ. ಸಾಲಿಯಲ್ಲಿ ತಾಸು ಅಂದರೆ ಪೀರಿಯಡ್ಡೂ ಹೌದು. ‘ಗಣಿತದ ತಾಸು’, ‘ಮೊದಲನೇ ತಾಸು’, ‘ಆಟದ ತಾಸು’ ಅನ್ನುತ್ತಲೇ ನಾವೆಲ್ಲ ಓದಿದ್ದು. ಆ ತಾಸು ನಲವತ್ತೇ ನಿಮಿಷದ್ದು. ಶಿಕ್ಷಕರೊಬ್ಬರು ‘ಇವತ್ತ ಆರ ತಾಸ ತಗೊಂಡೆ’ ಅಂದರೆ ಗಡಿಯಾರದ ಲೆಕ್ಕಕ್ಕೆ ಅದು ನಾಲ್ಕೇ. ಡ್ರೈವರರನ್ನು ಉಳಿಸಲು ಹೋಗಿ ಶಿಕ್ಷಕರ ಲೆಕ್ಕ ಕೆಡಿಸಿದಂತಾದೀತು. ಪೀರಿಯಡ್ಡಿಗೆ ‘ಅವಧಿ’ ಎಂದು ಪಠ್ಯಪುಸ್ತಕದ ಪದವಿದೆ. ಅದನ್ನು ಪರದೆಯಲ್ಲಿ ಹಾಕಬಹುದು, ಬಾಯಲ್ಲಿ ಯಾರೂ ಆಡುವುದಿಲ್ಲ.

ಇನ್ನು ಟೈಮ್‌ಶೀಟ್. ಪದಕ್ಕೆ ಪದ ಇಟ್ಟರೆ ‘ವೇಳಾಪಟ್ಟಿ’ ಆಗುತ್ತದೆ. ಅದು ಮುಂದೆ ಆಗಬೇಕಾದ್ದರ ಪಟ್ಟಿ. ಇದು ಆಗಿಹೋದದ್ದರ ಲೆಕ್ಕ. ‘ಹಾಜರಿ ಪುಸ್ತಕ’, ‘ಮಸ್ಟರ್’ ಎಲ್ಲರಿಗೂ ಗೊತ್ತು, ಆದರೆ ಹಾಜರಿ ಎಣಿಸುವುದು ದಿನಗಳನ್ನು. ಅರಬ್ಬಿಯಿಂದ ಬಂದ ಹಾಜರ್ ಅಂದರೆ ‘ಇದ್ದಾನೆ’ ಅಂತಷ್ಟೇ. ಬಂದವರು ಸಹಿ ಮಾಡಿದರೆ ದಿನ ತುಂಬಿತು. ಮನೆಯಲ್ಲಿ ಅಜ್ಜ ಕೆಲಸಕ್ಕೆ ಹೋಗದ ದಿನವನ್ನು ‘ಖಾಡೆ’ ಅನ್ನುತ್ತಿದ್ದರು, ಅದೂ ಇಡೀ ದಿನದ ಮಾತೇ, ತಾಸಿನದಲ್ಲ. ಅಮೆರಿಕದಲ್ಲಿ ಹಾಗೆ ನಡೆಯದು. ಅವರ 1938ರ ಕೇಂದ್ರ ಕಾಯ್ದೆಯ ಪ್ರಕಾರ ವಾರಕ್ಕೆ 40 ತಾಸು ಮೀರಿದರೆ ಮೀರಿದ್ದಕ್ಕೆ ಒಂದೂವರೆ ಪಟ್ಟು ಕೂಲಿ ಕೊಡಬೇಕು. ಪಾಠ ಹೇಳುವ ಶಿಕ್ಷಕರು ಈ ನಿಯಮದ ಹೊರಗೆ. ಬಸ್ ಡ್ರೈವರು, ಅಡುಗೆಯವರು, ಕಸ ಹೊಡೆಯುವವರು ಒಳಗೆ. ಅದಕ್ಕೇ ಅಲ್ಲಿ ಒಂದೊಂದು ನಿಮಿಷಕ್ಕೂ ಕಾಗದ. ನಮ್ಮಲ್ಲೂ ತಾಸಿನ ಮಾತು ಇಲ್ಲದಿಲ್ಲ: 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ, ಪಾಠದ ತಯಾರಿಯೂ ಸೇರಿ ಶಿಕ್ಷಕರಿಗೆ ವಾರಕ್ಕೆ ಕನಿಷ್ಠ 45 ತಾಸು ಎನ್ನುತ್ತದೆ. ಆದರೆ ಆ 45ನ್ನು ಬರೆದಿಡುವ ಖಾನೆ ಹಾಜರಿ ಪುಸ್ತಕದಲ್ಲಿ ಎಲ್ಲಿದೆ?

ನನ್ನ ಮನಸ್ಸು ‘ತಾಸಿನ ಪಟ್ಟಿ’ಯ ಕಡೆ ಇದೆ. ಆಫೀಸಿನಲ್ಲಿ ‘ಪಗಾರ ಪಟ್ಟಿ’ ಆಗಲೇ ಇದೆ, ತಾಸಿನ ಪಟ್ಟಿ ನೋಡಿ ಪಗಾರ ಪಟ್ಟಿ ಮಾಡುತ್ತಾರೆ ಅಂದರೆ ಸಿಪಾಯಿಗೂ ತಿಳಿಯುತ್ತದೆ. ಗೆಳತಿಯೊಬ್ಬಳು ‘ದುಡಿಮೆ ವಹಿ’ ಎಂದಳು. ನಗದು ವಹಿ, ಚಲನವಲನ ವಹಿ ಅನ್ನುವ ಸರ್ಕಾರಿ ಕನ್ನಡದಲ್ಲಿ ಅದೂ ಕೂಡುತ್ತದೆ. ಆದರೆ ಮೊಬೈಲಿನಲ್ಲಿರುವುದನ್ನು ವಹಿ ಅಂದರೆ ಜನ ಪುಟ ತಿರುವಲು ಹುಡುಕುತ್ತಾರೇನೋ. ‘ಸಮಯ ಹಾಳೆ’ ಎಂದು ಸೂಚಿಸಿದವರೂ ಇದ್ದಾರೆ, ಅದನ್ನು ಇಲ್ಲಿಗೇ ಬಿಡೋಣ.

ಮುರಿ ಅಂಕಿಗಳಲ್ಲಿ ಇನ್ನೊಂದು ಗುಂಡಿ. ಕಾಗದದಲ್ಲಿ ಏಳೂವರೆ ತಾಸನ್ನು 7.30 ಎಂದು ಬರೆಯುವುದು ರೂಢಿ. ಆ್ಯಪಿಗೆ ಚುಕ್ಕಿಯ ಮುಂದಿನದು ದಶಾಂಶ, 7.30 ಅಂದರೆ ಏಳು ತಾಸು ಹದಿನೆಂಟು ನಿಮಿಷ. ದಿನಕ್ಕೆ ಹನ್ನೆರಡು ನಿಮಿಷ ನೀರಿಗೆ ಹೋಯಿತು. ಅದಕ್ಕೆ ಅಂಕಿ ತುಂಬಿಸುವುದೇ ಬೇಡ, ಪಾವು, ಅರ್ಧ, ಮುಕ್ಕಾಲು ಎಂದು ಆರಿಸುವ ಹಾಗೆ ಮಾಡಿ ಎಂದು ಹೇಳಿದ್ದೇನೆ. ಕೈಪಿಡಿಯೂ ಪಾವು ತಾಸಿಗೇ ಸರಿಮಾಡುತ್ತದೆ: ಏಳು ನಿಮಿಷದವರೆಗೆ ಹೆಚ್ಚಾದರೆ ಬಿಡು, ಎಂಟಾದರೆ ಪಾವು ತಾಸು ಹಿಡಿ. ಇಲ್ಲಿ ಅಡುಗೆಮನೆಯಲ್ಲಿ ‘ದೀಡ ತಾಸು’ (ಒಂದೂವರೆ), ‘ಅಡೀಚ ತಾಸು’ (ಎರಡೂವರೆ) ಅಂದರೆ ಲೆಕ್ಕ ತಪ್ಪುವವರಿಲ್ಲ. ಅಮೆರಿಕದ ಆ ಒಂದೂವರೆ ಪಟ್ಟನ್ನು ‘ದೀಡಪಟ್ಟು’ ಎಂದೇ ಬರೆದುಬಿಟ್ಟೆ. ಮೈಸೂರು ಕಡೆಯವರು ನಗುವುದಾದರೆ ನಗಲಿ.

ಬೆರಳು ಇಟ್ಟು ಗುರುತು ಕೊಡುವ ಪೆಟ್ಟಿಗೆಗೆ ‘ಬೆರಳಚ್ಚು ಯಂತ್ರ’ ಎಂದು ಬರೆದು ತಕ್ಷಣ ಅಳಿಸಿದೆ. ಅದು ಟೈಪ್‌ರೈಟರ್! ಬೆರಳಚ್ಚುಗಾರರು ಟೈಪಿಸ್ಟು, ‘ಬೆರಳಚ್ಚು ತಜ್ಞರು’ ಮಾತ್ರ ಕಳವಾದ ಮನೆಗೆ ಶ್ವಾನದಳದ ಜೊತೆ ಬರುವವರು. ಒಂದೇ ಪದ ಎರಡು ಮನೆ ನೋಡಿಕೊಳ್ಳುತ್ತಿದೆ. ‘ಹೆಬ್ಬೆಟ್ಟು’ ಅಂದರೆ ಓದುಬರಹ ಇಲ್ಲದವರೆಂಬ ವಾಸನೆ, ಮೇಷ್ಟ್ರುಗಳು ಸಿಟ್ಟಾಗುತ್ತಾರೆ. ಸದ್ಯ ‘ಬೆರಳು ಇಡಿ’ ಎಂದು ಕ್ರಿಯಾಪದದಲ್ಲೇ ಮುಗಿಸಿದ್ದೇನೆ.

ಬರುವಾಗ, ಹೊರಡುವಾಗ ಒತ್ತುವ ಗುಂಡಿಗಳಿಗೆ ‘ಬಂದೆ’, ‘ಹೋದೆ’ ಎಂದಿಟ್ಟಿದ್ದೆ. ಆಯಾ ಒಬ್ಬರು ‘ಹೋದೆ’ ಒತ್ತಲು ಒಪ್ಪಲೇ ಇಲ್ಲ. “ಹ್ವಾದೆ ಅಂತ ಯಾಕ ಒತ್ತಲಿ? ನಾಳೆ ಬರಾಂಗಿಲ್ಲೇನು ನಾ?” ಈಗ ಅದು ‘ಕೆಲಸ ಮುಗೀತು’.

ಸ್ಕೂಲ್ ಡಿಸ್ಟ್ರಿಕ್ಟಿಗೆ ‘ಶೈಕ್ಷಣಿಕ ಜಿಲ್ಲೆ’ ಬಳಸಲು ಕೈ ಹಿಂಜರಿಯುತ್ತಿದೆ. ಆ ಪದ ನಮ್ಮಲ್ಲಿ ಜೀವಂತವಾಗಿದೆ: ಬೆಳಗಾವಿ ಜಿಲ್ಲೆ ಒಂದೇ ಆದರೂ ಬೆಳಗಾವಿ, ಚಿಕ್ಕೋಡಿ ಎಂದು ಶೈಕ್ಷಣಿಕ ಜಿಲ್ಲೆ ಎರಡು, ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ದಿನ ಎಲ್ಲರ ಬಾಯಲ್ಲೂ ಚಿಕ್ಕೋಡಿ. ಆದರೆ ಅದು ಇಲಾಖೆಯ ಒಂದು ವಿಭಾಗ, ಉಪನಿರ್ದೇಶಕರ ಕೆಳಗೆ ಬರುವಂಥದ್ದು. ಅಮೆರಿಕದ್ದು ಸಾಮಾನ್ಯವಾಗಿ ಊರವರು ಆರಿಸಿದ ಮಂಡಳಿ ನಡೆಸುವಂಥದ್ದು; ಹೆಚ್ಚಿನ ಕಡೆ ಮನೆ–ಜಮೀನಿನ ತೆರಿಗೆಯಿಂದ ಹಣ ಎತ್ತುತ್ತದೆ, ನೌಕರರಿಗೆ ತಾನೇ ಪಗಾರ ಕೊಡುತ್ತದೆ. ‘ಶಾಲಾ ಮಂಡಲ’ ಎಂದರೆ ಹೇಗೆ? ಇದಕ್ಕೆ ಅವಸರವಿಲ್ಲ, ಕೈಪಿಡಿಯ ಮುನ್ನುಡಿಯಲ್ಲಿ ಮಾತ್ರ ಬರುತ್ತದೆ.

ಅವಸರವಿರುವುದು ತಾಸಿಗೆ. ವಿಜಯಪುರ, ಬಾಗಲಕೋಟೆ ಕಡೆಯವರು ದಯವಿಟ್ಟು ತಿಳಿಸಿ: ನಿಮ್ಮಲ್ಲಿ ಈಗಿನ ಮಕ್ಕಳೂ ಪೀರಿಯಡ್ಡಿಗೆ ತಾಸು ಅನ್ನುತ್ತಾರಾ, ಅಥವಾ ಅದು ನಮ್ಮ ಕಾಲಕ್ಕೇ ಮುಗಿದು ಪೀರಿಯಡ್ಡೇ ಉಳಿದಿದೆಯಾ? ಮುಗಿದಿದ್ದರೆ ‘ಕೆಲಸದ ತಾಸು’ ಎಂದು ಧೈರ್ಯವಾಗಿ ಹಾಕಿಬಿಡುತ್ತೇನೆ. ಮುಂದಿನ ತಿಂಗಳ ಮೊದಲ ವಾರ ಪರದೆ ಬದಲಾಗುತ್ತದೆ. ಡ್ರೈವರರ ಬಾಕಿಯನ್ನು ಅದೇ ಪಗಾರಕ್ಕೆ ಸೇರಿಸುತ್ತೇವೆ ಎಂದು ಆಫೀಸಿನವರು ಒಪ್ಪಿದ್ದಾರೆ.