ಕೋಚ್ ಸರ್‌ಗೆ ಕೇಳಿ: ಮಂಡಿ, ಎತ್ತರ, ನಡುವೆ ಹಾಕಿ ಆಟದ ಜಗಳ

ಅಡ್ಮಿನ್: ಇವತ್ತು ಸಂಜೆ ಕೋಚ್ ಸರ್ ಇರುತ್ತಾರೆ. ಇಲಾಖೆ ತಂಡದಲ್ಲಿ 11 ವರ್ಷ ಬ್ಯಾಸ್ಕೆಟ್‌ಬಾಲ್ ಆಡಿ, ಈಗ ಮಡಿಕೇರಿಯಲ್ಲಿ ಮಕ್ಕಳಿಗೆ ಕಲಿಸುತ್ತಿದ್ದಾರೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಕುಶಾಲನಗರದ ತಾಯಿ: ನಮಸ್ತೆ ಸರ್. ಮಗನಿಗೆ 12, ಸ್ವಲ್ಪ ಕುಳ್ಳ. ಎತ್ತರ ಆಗಲು ಏನು ಕೊಡಲಿ?

ಕೋಚ್: ನಮಸ್ತೆ ಮೇಡಂ. ಹೊಟ್ಟೆ ತುಂಬ ಊಟ, ಕಣ್ತುಂಬ ನಿದ್ದೆ. ಮಗ್ಸಿ ಬೋಗ್ಸ್ 5 ಅಡಿ 3 ಇಂಚು, ಅಮೆರಿಕದ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ 14 ಸೀಸನ್ ಆಡಿದರು. ಎರಡೂ ಕೈಯಲ್ಲಿ ಡ್ರಿಬಲ್, ಅಂದರೆ ಚೆಂಡು ಪುಟಿಸುವುದು, ಕಲಿಸಿ.

ಗೋಣಿಕೊಪ್ಪದ ತಂದೆ: ಸರ್, ಮಗಳಿಗೆ 14. ಮೊನ್ನೆ ರೀಬೌಂಡ್ (ಬುಟ್ಟಿಗೆ ಬೀಳದೆ ವಾಪಸ್ ಪುಟಿದ ಚೆಂಡು) ಹಿಡಿದು ಕೆಳಗಿಳಿಯುವಾಗ ಮಂಡಿಯಲ್ಲಿ ಪಟ್ ಅಂತ ಸದ್ದು ಬಂತಂತೆ. ರಾತ್ರಿಗೆ ಊದಿಕೊಂಡಿತು. ಈಗ ನಡೆಯುತ್ತಾಳೆ. ಭಾನುವಾರ ಸೆಲೆಕ್ಷನ್. ಬ್ಯಾಂಡೇಜ್ ಸುತ್ತಿ ಆಡಿಸಬಹುದಾ?

ಕೋಚ್: ಬೇಡ. ನಾನು ಡಾಕ್ಟರ್ ಅಲ್ಲ. ಆದರೆ ಪಟ್ ಅನ್ನುವುದು, ಅದೇ ದಿನ ಊದುವುದು, ಎರಡೂ ಒಟ್ಟಿಗೆ ಬಂದರೆ ಎಸಿಎಲ್ ಹರಿದಿದೆಯಾ ಅಂತ ನೋಡಲೇಬೇಕು. ಮಂಡಿಯೊಳಗೆ ಮೂಳೆಯನ್ನು ಹಿಡಿದಿಟ್ಟುಕೊಳ್ಳುವ ಹಗ್ಗ, ಅಂದರೆ ಲಿಗಮೆಂಟ್ ಅದು. ಹೆಣ್ಣುಮಕ್ಕಳಲ್ಲಿ ಗಂಡುಮಕ್ಕಳಿಗಿಂತ ಜಾಸ್ತಿ ಹರಿಯುತ್ತದೆ. ನಡೆಯುತ್ತಾಳೆ ಅಂದರೆ ಸರಿಯಾಗಿದೆ ಅಂತಲ್ಲ. ನೇರ ನಡೆಯಬಹುದು. ಓಡುತ್ತಾ ಸರಕ್ಕನೆ ತಿರುಗಿದಾಗ ಮಂಡಿ ಕೈಕೊಡುತ್ತದೆ.

ನನಗೆ 24 ಇದ್ದಾಗ ಇದೇ ಆಯಿತು. ಎಡಮಂಡಿ. ಮ್ಯಾನೇಜರ್ ಬಿಗಿಯಾಗಿ ಸುತ್ತು ಅಂದರು, ಸುತ್ತಿದೆ. ಮೂರನೇ ದಿನ ಆಡಿದೆ. ಬುಟ್ಟಿ ಹತ್ತಿರ ಹಾರಿ ಚೆಂಡು ಹಾಕುವ ಲೇಅಪ್ ಒಂದಕ್ಕೆ ಹಾರಿ ಇಳಿದೆ ನೋಡಿ, ಒಳಗಿನ ಮಿನಿಸ್ಕಸ್ (ಮೂಳೆಗಳ ನಡುವಿನ ಮೆತ್ತೆ) ಕೂಡ ಹೋಯಿತು. ಆಪರೇಷನ್ ಆದ ಮೇಲೂ ಆರು ವರ್ಷ ಆಡಿದೆ, ನಿಜ. ಆದರೆ ಎಡಗಾಲಲ್ಲಿ ಹಾರಲು ಧೈರ್ಯ ಬರಲಿಲ್ಲ. ಈಗಲೂ ಮೆಟ್ಟಿಲು ಇಳಿಯುವಾಗ ಅಡ್ಡಡ್ಡ ಇಳಿಯುತ್ತೇನೆ.

ಮೂಳೆ ಡಾಕ್ಟರಿಗೆ ತೋರಿಸಿ, ಎಂಆರ್‌ಐ ಬೇಕಾ ಅವರು ಹೇಳುತ್ತಾರೆ. ಅಲ್ಲಿವರೆಗೆ ಬಟ್ಟೆ ಸುತ್ತಿದ ಐಸ್ 15 ನಿಮಿಷ ಇಡಿ, ಕಾಲು ಎತ್ತರದಲ್ಲಿಡಿ. ತಿಕ್ಕಬೇಡಿ. ಶಾಖ ಕೊಡಬೇಡಿ.

ಸಿದ್ದಾಪುರದವರು: ಎಕ್ಕದ ಎಲೆಗೆ ಹರಳೆಣ್ಣೆ ಹಚ್ಚಿ, ಕೆಂಡದ ಮೇಲೆ ಬಿಸಿ ಮಾಡಿ ಕಟ್ಟಿ. ಮೂರೇ ದಿನ! ಎಲ್ಲರಿಗೂ ಕಳಿಸಿ 🙏

ಕೋಚ್: ಶಾಖ ಬೇಡ ಅಂತ ಈಗಷ್ಟೇ ಬರೆದೆ. ಎಲೆ ಕಟ್ಟಿದರೆ ಹರಿದ ಹಗ್ಗ ಕೂಡಿಕೊಳ್ಳುತ್ತಾ?

ಸಿದ್ದಾಪುರದವರು: ನಮ್ಮ ಅಜ್ಜಿ ಕಾಲದ್ದು ಸರ್.

ಕೋಚ್: ನಿಮ್ಮ ಅಜ್ಜಿ ರೀಬೌಂಡ್ ಹಿಡಿಯುತ್ತಿದ್ದರಾ?

ಸೋಮವಾರಪೇಟೆ: ಸರ್, ಹಿರಿಯರ ಬಗ್ಗೆ ಮಾತು ಸರಿಯಿಲ್ಲ.

ವಿರಾಜಪೇಟೆ: ಕೊಡಗಿನ ಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಯಾಕೆ? ಹಾಕಿ ಇಲ್ವಾ? 1997ರಿಂದ ಕೌಟುಂಬಿಕ ಹಾಕಿ ಹಬ್ಬ ನಡೆಯುತ್ತಿದೆ.

ಪೊನ್ನಂಪೇಟೆ: ಹಾಕಿಯಲ್ಲಿ ಮಂಡಿ ಹೋಗಲ್ವಾ ಅಣ್ಣ?

ವಿರಾಜಪೇಟೆ: ಅದು ನಮ್ಮ ರಕ್ತದಲ್ಲಿದೆ.

ಪೊನ್ನಂಪೇಟೆ: ರಕ್ತ ಬಿಡಿ, ಲಿಗಮೆಂಟ್ ಬಗ್ಗೆ ಕೇಳಿದ್ದು.

ನಾಪೋಕ್ಲು: ಸರ್, ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಸಿಗಬೇಕಾದರೆ ಎಷ್ಟು ನ್ಯಾಷನಲ್ಸ್ ಆಡಿರಬೇಕು?

ಕೂಡಿಗೆ: ದೊಡ್ಡ ಆಟಗಾರನೇ ಒಳ್ಳೆ ಕೋಚ್ ಆಗೋದು ಅಲ್ವಾ ಸರ್?

ಕೋಚ್: ಹಾಗೇನಿಲ್ಲ. ಮ್ಯಾಜಿಕ್ ಜಾನ್ಸನ್‌ಗಿಂತ ದೊಡ್ಡವರು ಬೇಕಾ? 1994ರಲ್ಲಿ ಎನ್‌ಬಿಎ ತಂಡ ಲೇಕರ್ಸ್‌ಗೆ 16 ಪಂದ್ಯ ಕೋಚ್ ಆಗಿದ್ದರು, ಗೆದ್ದದ್ದು 5. ಸ್ಟೀವ್ ಕೆರ್ ಆಡುವಾಗ ಜಾಸ್ತಿ ಬೆಂಚ್ ಮೇಲೇ ಇದ್ದವರು. ಇನ್ನೊಂದು ಎನ್‌ಬಿಎ ತಂಡ ವಾರಿಯರ್ಸ್‌ಗೆ ಕೋಚ್ ಆಗಿ ನಾಲ್ಕು ಸಲ ಚಾಂಪಿಯನ್. ಬೆಂಚ್ ಮೇಲೆ ಕೂತವನಿಗೆ ಆಟ ಪೂರ್ತಿ ಕಾಣುತ್ತದೆ. ನನಗೂ ಕಾಲು ಮಡಚಿ ಕೂತ ಒಂಬತ್ತು ತಿಂಗಳಲ್ಲೇ ಜಾಸ್ತಿ ಕಂಡಿದ್ದು.

ಗೋಣಿಕೊಪ್ಪದ ತಂದೆ: ಸರ್, ಊತ ಇಳಿದಿದೆ. ಸೆಲೆಕ್ಷನ್ ವರ್ಷಕ್ಕೊಂದೇ ಸಲ. ಅರ್ಧ ಗಂಟೆ ಮಾತ್ರ.

ಕೋಚ್: ಸೆಲೆಕ್ಷನ್ ಮುಂದಿನ ವರ್ಷವೂ ಬರುತ್ತದೆ. ಡಾಕ್ಟರ್ ಏನಂದರು?

ಮೂರ್ನಾಡು: ಸರ್, ಎತ್ತರ ಆಗಲು ಪೌಡರ್ ಯಾವುದು ಒಳ್ಳೇದು?

ಕೋಚ್: ಮೇಲೆ ಓದಿ.

ಸಿದ್ದಾಪುರದವರು: ಅಶ್ವಗಂಧ ಹಾಲಿನಲ್ಲಿ...

ಅಡ್ಮಿನ್: ಅಣ್ಣ, ಸಾಕು.

ಕೋಚ್: ಗೋಣಿಕೊಪ್ಪದವರೇ, ಡಾಕ್ಟರಿಗೆ ತೋರಿಸಿದಿರಾ?

ವಿರಾಜಪೇಟೆ: ಹಾಕಿಗೆ ಕಳಿಸಿದ್ದರೆ ಇದೆಲ್ಲ ಇರಲಿಲ್ಲ.

ಕೋಚ್: ಗೋಣಿಕೊಪ್ಪದವರೇ?