ಫೀಡ್‌ನಲ್ಲಿ ಆಂಟಿಬಯೋಟಿಕ್ ಬಿಟ್ಟು ಅರಿಶಿನ, ಬೆಳ್ಳುಳ್ಳಿ ಹಾಕಿದರೆ ಬ್ರಾಯ್ಲರ್ ತೂಕ ಬರುತ್ತಾ?

ಹೊನ್ನಾಳಿ ಫಾರಂ

ಎಲ್ಲರಿಗೂ ನಮಸ್ಕಾರ. ನಮ್ಮದು ಹೊನ್ನಾಳಿ ಕಡೆ ಸಣ್ಣ ಫಾರಂ. ಎರಡು ಸಾವಿರ ಬ್ರಾಯ್ಲರ್ ಹಿಡಿಯುವ ಶೆಡ್ ಇದೆ. ಕಂಪನಿ ಒಪ್ಪಂದ ಇಲ್ಲ. ಮರಿ ನಾವೇ ತರುತ್ತೇವೆ, ಫೀಡ್ ನಾವೇ ಮಿಕ್ಸ್ ಮಾಡುತ್ತೇವೆ. ಮೆಕ್ಕೆಜೋಳ ನಮ್ಮ ಹೊಲದ್ದೇ. ಸೋಯಾ ಹಿಂಡಿ, ಪ್ರೀಮಿಕ್ಸ್ (ವಿಟಮಿನ್, ಖನಿಜಗಳ ಮಿಶ್ರಣ) ದಾವಣಗೆರೆಯಿಂದ ಬರುತ್ತದೆ.

ಶಿವಮೊಗ್ಗದ ಹೋಟೆಲಿನವರೊಬ್ಬರು ಆಂಟಿಬಯೋಟಿಕ್ ಹಾಕದ ಕೋಳಿ ಕೊಟ್ಟರೆ ಖಾಯಂ ತೆಗೆದುಕೊಳ್ಳುತ್ತೇವೆ ಅನ್ನುತ್ತಿದ್ದಾರೆ. ಈಗ ಟನ್ ಫೀಡ್‌ಗೆ 125 ಗ್ರಾಂ ಎನ್ರಾಮೈಸಿನ್ ಅನ್ನುವ ಆಂಟಿಬಯೋಟಿಕ್ ಪುಡಿ ಹಾಕುತ್ತಿದ್ದೇನೆ. ಎಲ್ಲರೂ ಹಾಕುತ್ತಾರೆ ಅಂತ ಹಾಕುತ್ತಿರುವುದು, ಅಷ್ಟೇ. ಅದನ್ನು ನಿಲ್ಲಿಸಿ ಅರಿಶಿನ, ಬೆಳ್ಳುಳ್ಳಿ, ತುಳಸಿ, ಬೇವು ಇಂಥದ್ದು ಹಾಕಿದರೆ ಸಾಕಾ? ಎಷ್ಟು ಹಾಕಬೇಕು? ತೂಕ ಕಮ್ಮಿ ಆದರೆ ನಷ್ಟ ತಡೆಯುವ ಶಕ್ತಿ ನನಗಿಲ್ಲ.

ಫೀಡ್ ಅಂಗಡಿಯಲ್ಲಿ "ಹರ್ಬಲ್ ಗ್ರೋತ್ ಪ್ರಮೋಟರ್" ಅಂತ ಒಂದು ಪ್ಯಾಕೆಟ್ ತೋರಿಸಿದರು. ಮೇಲೆ ಎಲೆ ಚಿತ್ರ ಇದೆ. ಒಳಗೆ ಏನು ಎಷ್ಟಿದೆ ಅಂತ ಎಲ್ಲೂ ಬರೆದಿಲ್ಲ. ಮಾಡಿ ನೋಡಿದವರು ಹೇಳಿ.

ತುರುವೇಕೆರೆ ಸಾಕಣೆ

ನಾವು ಕಂಪನಿ ಕೋಳಿ ಸಾಕುವವರು. ಮರಿ, ಫೀಡ್, ಔಷಧಿ ಎಲ್ಲ ಅವರೇ ಕೊಡುತ್ತಾರೆ. ನಮಗೆ ಕಿಲೋ ಲೆಕ್ಕದಲ್ಲಿ ಸಾಕಿದ ಕೂಲಿ. ಫೀಡ್ ಚೀಲದಲ್ಲಿ ಏನಿದೆ ಅಂತ ಸೂಪರ್‌ವೈಸರ್‌ನ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ನಿಮ್ಮ ಕೈಯಲ್ಲಿ ಫೀಡ್ ಇದೆ, ಅದೇ ದೊಡ್ಡ ವಿಷಯ ಬ್ರದರ್. ಉತ್ತರಕ್ಕೆ ನಾನೂ ಕಾಯುತ್ತಿದ್ದೇನೆ.

ಗೌರಿಬಿದನೂರು ಅಕ್ಕ

ತಮ್ಮಾ, ತೂಕ ಬರುತ್ತದೆ. ಆದರೆ ಅರಿಶಿನ ಒಂದರಿಂದಲೇ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಎನ್ರಾಮೈಸಿನ್ ತೆಗೆದು ಆ ಜಾಗಕ್ಕೆ ಒಂದು ಹಿಡಿ ಸೊಪ್ಪಿನ ಪುಡಿ ಹಾಕಿ, ಎರಡು ಬ್ಯಾಚ್ ಕೈಕೊಟ್ಟ ಮೇಲೆ "ಇದೆಲ್ಲ ಆಗದ ಕೆಲಸ" ಅಂತ ವಾಪಸ್ ಹೋದವರನ್ನು ತುಂಬಾ ನೋಡಿದ್ದೇನೆ.

ನಾನು ಮತ್ತು ನಮ್ಮ ಯಜಮಾನರು ಸ್ವಂತ ಶೆಡ್ ನಡೆಸುತ್ತೇವೆ. ಫೀಡ್‌ಗೆ ಆಂಟಿಬಯೋಟಿಕ್ ಹಾಕುವುದು ಬಿಟ್ಟು ಕೆಲವು ವರ್ಷ ಆಯಿತು. ಬಿಡಲು ಕಾರಣ ಹೋಟೆಲ್ ಆರ್ಡರ್ ಅಲ್ಲ. ನಮ್ಮತ್ತೆಗೆ ಮೂತ್ರದ ಸೋಂಕು ಆಗಿ ಆಸ್ಪತ್ರೆ ಸೇರಿದಾಗ ಕಲ್ಚರ್ ರಿಪೋರ್ಟ್ ಕೊಟ್ಟರು. ಬಹುತೇಕ ಔಷಧಿಗಳ ಮುಂದೆ "ಕೆಲಸ ಮಾಡುವುದಿಲ್ಲ" ಅನ್ನುವ ಗುರುತು. ಕೆಲಸ ಮಾಡುತ್ತದೆ ಅಂತ ಉಳಿದಿದ್ದ ಎರಡು ಮೂರರಲ್ಲಿ ಕೊಲಿಸ್ಟಿನ್ ಒಂದು. ಅದೇ ಹೆಸರನ್ನು ನಾನು ಫೀಡ್ ಅಂಗಡಿಯ ಡಬ್ಬದ ಮೇಲೆ ಓದಿದ್ದೆ. ಬೇರೆ ಯಾವ ಔಷಧಿಯೂ ನಡೆಯದಾಗ ಡಾಕ್ಟರ್ ಕೊಡುವ ಔಷಧಿ ಅದು. ಅದನ್ನು ಕೋಳಿ ಬೇಗ ದಪ್ಪ ಆಗಲಿ ಅಂತ ಮಾರುತ್ತಿದ್ದರು. 2019ರ ಜುಲೈನಲ್ಲಿ ಕೇಂದ್ರ ಸರ್ಕಾರ ಕೋಳಿ, ಮೀನು, ದನಕರು, ಪಶು ಆಹಾರ ಎಲ್ಲದರಲ್ಲೂ ಕೊಲಿಸ್ಟಿನ್ ನಿಷೇಧಿಸಿತು. ಒಳ್ಳೆಯದೇ ಆಯಿತು. ಆದರೆ ನಿಷೇಧ ಆಗದೆ ಉಳಿದವು ಇನ್ನೂ ಇವೆ. ಅದಕ್ಕೇ ನಿಮ್ಮ ಪ್ರಶ್ನೆ ನೋಡಿ ಖುಷಿಯಾಯಿತು.

ಈಗ ಕೆಲಸದ ಮಾತು. ಫೀಡ್‌ನಲ್ಲಿ ಸ್ವಲ್ಪ ಸ್ವಲ್ಪ ಆಂಟಿಬಯೋಟಿಕ್ ಹಾಕಿದಾಗ ಆಗುವುದು ಏನು? ಕರುಳಿನಲ್ಲಿರುವ ಕ್ಲಾಸ್ಟ್ರಿಡಿಯಂ ತರಹದ ಬ್ಯಾಕ್ಟೀರಿಯಾ ಹತೋಟಿಯಲ್ಲಿರುತ್ತದೆ. ಕರುಳಿಗೆ ಗಾಯ ಕಮ್ಮಿ, ತಿಂದದ್ದು ಮೈಗೆ ಹತ್ತುತ್ತದೆ. ಅಂದರೆ ಶೆಡ್ ನೆಲಕ್ಕೆ ಹಾಸಿದ ಹೊಟ್ಟು ಒದ್ದೆ ಇದ್ದರೂ, ನೀರು ಕೊಳಕಾಗಿದ್ದರೂ, ಜೋಳಕ್ಕೆ ಬೂಷ್ಟು ಹಿಡಿದಿದ್ದರೂ ಆ ಪುಡಿ ಒಂದಷ್ಟು ಮುಚ್ಚಿಹಾಕುತ್ತದೆ. ಪುಡಿ ತೆಗೆದ ದಿನ ಅಷ್ಟೂ ಹೊರಗೆ ಬರುತ್ತದೆ. ಹಾಗಾಗಿ ಗಿಡಮೂಲಿಕೆ ಕೊಳ್ಳುವ ಮೊದಲು ಶೆಡ್ ನೋಡಿ.

ಹೊಟ್ಟು ಮುಖ್ಯ. ಭತ್ತದ ಹೊಟ್ಟನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉದುರಬೇಕು, ಉಂಡೆ ಕಟ್ಟಬಾರದು. ಕಾಕ್ಸಿ ಅಂದರೆ ಕರುಳು ಕೆಡಿಸುವ ಪರಾವಲಂಬಿ ರೋಗ (ಕಾಕ್ಸಿಡಿಯೋಸಿಸ್). ಅದರ ಮೊಟ್ಟೆಗಳು ಒದ್ದೆ ಮತ್ತು ಬಿಸಿ ಇರುವ ಹೊಟ್ಟಿನಲ್ಲೇ ಬಲಿಯುವುದು. ಹೆಚ್ಚಾಗಿ ಕಾಕ್ಸಿ ಕರುಳನ್ನು ಗಾಯ ಮಾಡಿದ ಮೇಲೆ ಕ್ಲಾಸ್ಟ್ರಿಡಿಯಂ ಮೇಲೆ ಬೀಳುತ್ತದೆ. ನಿಪ್ಪಲ್ (ಕೋಳಿ ನೀರು ಕುಡಿಯುವ ಪೈಪಿನ ಮೊನೆ) ಕೆಳಗಿನ ಜಾಗ ದಿನಾ ಕೆದಕಬೇಕು. ಒದ್ದೆ ಹೊಟ್ಟು ತೆಗೆದು ಒಣ ಹೊಟ್ಟು ಹಾಕಬೇಕು. ಬೆಳಗ್ಗೆ ಶೆಡ್ ಒಳಗೆ ಕಾಲಿಟ್ಟ ಕೂಡಲೇ ಕಣ್ಣು ಉರಿದರೆ ಅಮೋನಿಯಾ ಜಾಸ್ತಿಯಾಗಿದೆ ಅಂತ ಅರ್ಥ. ಪರದೆ ತೆರೆದು ಗಾಳಿ ಬಿಡಿ.

ನಿಮ್ಮ ಮೆಕ್ಕೆಜೋಳ ಹೊಲದ್ದು ಅಂದಿರಿ. ಕೊಯ್ಲಾದ ಮೇಲೆ ಎಷ್ಟು ಒಣಗಿಸುತ್ತೀರಿ? ತೇವ ನೂರಕ್ಕೆ 13ಕ್ಕಿಂತ ಜಾಸ್ತಿ ಇಟ್ಟು ಚೀಲ ಕಟ್ಟಿದರೆ ಬೂಷ್ಟು ಬಂದು ಅಫ್ಲಾಟಾಕ್ಸಿನ್ ಅನ್ನುವ ವಿಷ ಆಗುತ್ತದೆ. ಅದು ಲಿವರ್ ತಿನ್ನುತ್ತದೆ. ಲಿವರ್ ಹೋದ ಕೋಳಿಗೆ ಯಾವ ಅರಿಶಿನವೂ ತೂಕ ಕೊಡುವುದಿಲ್ಲ. ಮಳೆಯಲ್ಲಿ ಕೊಯ್ದ ಜೋಳವಾದರೆ ಟಾಕ್ಸಿನ್ ಬೈಂಡರ್ (ಆ ವಿಷವನ್ನು ಹಿಡಿದಿಡುವ ಪುಡಿ) ಹಾಕಲೇಬೇಕು. ಇದು ಆಂಟಿಬಯೋಟಿಕ್ ಅಲ್ಲ, ನಿಮ್ಮ ಹೋಟೆಲಿನವರಿಗೂ ತೊಂದರೆ ಇಲ್ಲ.

ಇನ್ನು ಗಿಡಮೂಲಿಕೆ. ನಾನು ನಂಬಿಕೆ ಇಟ್ಟಿರುವುದು ಎರಡರ ಮೇಲೆ. ಒಂದು ಅರಿಶಿನ, ಇನ್ನೊಂದು ಓಂಕಾಳು.

ಅರಿಶಿನ ಟನ್‌ಗೆ 2.5 ಕಿಲೋದಿಂದ 5 ಕಿಲೋವರೆಗೆ ಹಾಕಿ ಬ್ರಾಯ್ಲರ್‌ಗಳ ಮೇಲೆ ಪರೀಕ್ಷೆ ಮಾಡಿದ್ದಾರೆ. ನಾವು 2.5ರಲ್ಲಿ ನಿಂತಿದ್ದೇವೆ. ಅಂಗಡಿ ಪುಡಿ ಬೇಡ. ಬಣ್ಣ ಬೆರೆಸುವವರಿದ್ದಾರೆ. ಚಾಮರಾಜನಗರದ ಕಡೆಯಿಂದ ಅರಿಶಿನ ಕೊಂಬು ತರಿಸಿ ನಮ್ಮ ಜೋಳದ ಮಿಲ್‌ನಲ್ಲೇ ಪುಡಿ ಮಾಡಿಸುತ್ತೇವೆ. ಕಿಲೋಗೆ 160 ರೂಪಾಯಿ ಹಿಡಿದರೆ ಟನ್‌ಗೆ 400 ರೂಪಾಯಿ. ಎರಡು ಕಿಲೋ ಕೋಳಿ ಹೆಚ್ಚುಕಮ್ಮಿ 3.3 ಕಿಲೋ ಫೀಡ್ ತಿನ್ನುತ್ತದೆ. ಅಂದರೆ ಒಂದು ಕೋಳಿಗೆ ಒಂದೂಕಾಲು ರೂಪಾಯಿ ಚಿಲ್ಲರೆ.

ಅರಿಶಿನದ ಜೊತೆ ಕರಿಮೆಣಸು ಸೇರಿಸಿ ಅಂತ ಯಾರಾದರೂ ಹೇಳುತ್ತಾರೆ. ಆ ಮಾತು ಸುಳ್ಳಲ್ಲ. 1998ರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರೇ ತೋರಿಸಿದ ವಿಷಯ ಅದು. ಮೆಣಸಿನ ಪೈಪರಿನ್ ಜೊತೆ ಕೊಟ್ಟಾಗ ಮನುಷ್ಯರ ರಕ್ತಕ್ಕೆ ಸೇರುವ ಕರ್ಕ್ಯುಮಿನ್ (ಅರಿಶಿನದ ಮುಖ್ಯ ಅಂಶ) ಹಲವು ಪಟ್ಟು ಜಾಸ್ತಿಯಾಯಿತು. ಆದರೆ ನಮಗೆ ಅರಿಶಿನ ಕೆಲಸ ಮಾಡಬೇಕಾದ್ದು ಕರುಳಿನಲ್ಲಿ. ರಕ್ತಕ್ಕೆ ಸೇರದೆ ಕರುಳಿನಲ್ಲೇ ಉಳಿದರೆ ನಷ್ಟವೇನಿಲ್ಲ. ಈಗಿನ ಮೆಣಸಿನ ಬೆಲೆಗೆ ಅದನ್ನು ಕೋಳಿಗೆ ಹಾಕುವ ಅಗತ್ಯ ನನಗೆ ಕಾಣುವುದಿಲ್ಲ.

ಓಂಕಾಳಿನ ವಿಷಯ ಇನ್ನೂ ಸ್ವಾರಸ್ಯ. ಯುರೋಪಿನಲ್ಲಿ ಕೋಳಿ ಫೀಡ್‌ಗೆ ಹಾಕುವ ಸಸ್ಯ ಎಣ್ಣೆಗಳಲ್ಲಿ ಮುಖ್ಯವಾದದ್ದು ಥೈಮಾಲ್, ಕಾರ್ವಕ್ರಾಲ್, ಆಮೇಲೆ ಚಕ್ಕೆಯ ಸಿನ್ನಮಾಲ್ಡಿಹೈಡ್. ಬ್ಯಾಕ್ಟೀರಿಯಾದ ಹೊರಪೊರೆಯನ್ನೇ ಇವು ಸಡಿಲ ಮಾಡುತ್ತವೆ. ಅವರು ಥೈಮ್, ಒರೆಗಾನೊ ಗಿಡಗಳಿಂದ ತೆಗೆಯುವ ಥೈಮಾಲ್ ನಮ್ಮ ಓಂಕಾಳಿನಲ್ಲಿ ಧಾರಾಳ ಇದೆ. ಆದರೆ ಲೆಕ್ಕ ಹಾಕಿ ನೋಡಿ. ಒಂದು ಕಿಲೋ ಓಂಕಾಳಿನಲ್ಲಿ ಎಣ್ಣೆ ಸುಮಾರು 20ರಿಂದ 40 ಗ್ರಾಂ. ಅದರಲ್ಲಿ ಅರ್ಧ ಥೈಮಾಲ್ ಅಂತ ಹಿಡಿದರೆ 10ರಿಂದ 20 ಗ್ರಾಂ. ಪರೀಕ್ಷೆಗಳಲ್ಲಿ ಟನ್‌ಗೆ 100 ಗ್ರಾಂ, ಅದಕ್ಕಿಂತಲೂ ಜಾಸ್ತಿ ಬಳಸಿದ್ದಾರೆ. ಆ ಮಟ್ಟ ಮುಟ್ಟಲು ಟನ್‌ಗೆ ಐದಾರು ಕಿಲೋ ಓಂಕಾಳಾದರೂ ಬೇಕು. ಅದು ದುಬಾರಿ. ನಾವು ಅದನ್ನು ಕಾಕ್ಸಿ ಬರುವ ಹೊತ್ತಿಗೆ, ಅಂದರೆ ಮೂರು ಮತ್ತು ನಾಲ್ಕನೇ ವಾರದ ಫೀಡ್‌ಗೆ ಮಾತ್ರ ಹಾಕುತ್ತೇವೆ.

ಅಂಗಡಿ ಪ್ಯಾಕೆಟ್‌ಗೂ ಇದೇ ಲೆಕ್ಕ ಕೇಳಿ. ಥೈಮಾಲ್ ಎಷ್ಟು, ಕಾರ್ವಕ್ರಾಲ್ ಎಷ್ಟು, ಶೇಕಡಾವಾರು ಬರೆದಿರಬೇಕು. ಎಣ್ಣೆಗೆ ಲೇಪನ ಇದೆಯಾ ಕೇಳಿ. ಲೇಪನ ಇಲ್ಲದ ಎಣ್ಣೆ ಚೀಲದಲ್ಲೇ ಆವಿಯಾಗುತ್ತದೆ. ಫೀಡನ್ನು ಪೆಲೆಟ್ (ಗುಳಿಗೆ) ಮಾಡುವ ಬಿಸಿಗಂತೂ ಬಹಳಷ್ಟು ಹಾರಿಹೋಗುತ್ತದೆ. ಎಲೆ ಚಿತ್ರ ಬಿಟ್ಟು ಬೇರೇನೂ ಇಲ್ಲದ ಪ್ಯಾಕೆಟ್ ಕೊಳ್ಳಬೇಡಿ. ಅದರೊಳಗೆ ಆಂಟಿಬಯೋಟಿಕ್ಕೇ ಬೆರೆಸಿದ್ದರೂ ನಿಮಗೆ ಗೊತ್ತಾಗುವುದಿಲ್ಲ. ಹೋಟೆಲಿನವರು ಟೆಸ್ಟ್ ಮಾಡಿಸಿದರೆ ಹೆಸರು ಕೆಡುವುದು ನಿಮ್ಮದು.

ಬೆಳ್ಳುಳ್ಳಿ ಒಳ್ಳೆಯದೇ. ಆದರೆ ಅದರಲ್ಲಿ ಕೆಲಸ ಮಾಡುವ ಅಲಿಸಿನ್ ಅನ್ನುವ ಅಂಶ ಜಜ್ಜಿದ ಮೇಲೆ ಹುಟ್ಟುತ್ತದೆ, ಬೇಗ ಹಾಳಾಗುತ್ತದೆ. ಜಜ್ಜಿದ್ದನ್ನು ಆಗಲೇ ತಿನ್ನಿಸಬೇಕು. ಎರಡು ಸಾವಿರ ಕೋಳಿಗೆ ದಿನಾ ಯಾರು ಜಜ್ಜುತ್ತಾರೆ? ಬೇವು ಕಹಿ, ಜಾಸ್ತಿಯಾದರೆ ಕೋಳಿ ಫೀಡ್ ತಿನ್ನುವುದೇ ಕಮ್ಮಿ ಮಾಡುತ್ತದೆ. ನುಗ್ಗೆಸೊಪ್ಪಿನ ಪುಡಿ ನೂರಕ್ಕೆ ಐದು ದಾಟಬಾರದು, ನಾರಿನಂಶ ಜಾಸ್ತಿಯಾಗಿ ತೂಕ ಬೀಳುತ್ತದೆ. ನಾಟಿಕೋಳಿ, ಗಿರಿರಾಜ ಸಾಕುವವರಿಗೆ ಇವೆಲ್ಲ ಆಗುತ್ತವೆ. ಬ್ರಾಯ್ಲರ್‌ಗೆ ಲೆಕ್ಕ ಬಿಗಿ.

ನಷ್ಟದ ಭಯ ಅಂದಿರಲ್ಲ, ಅದಕ್ಕೆ ಡೆನ್ಮಾರ್ಕ್ ನೋಡಿ. 1998ರಲ್ಲಿ ಅಲ್ಲಿನ ಬ್ರಾಯ್ಲರ್ ಸಾಕಣೆದಾರರು ತಾವಾಗಿಯೇ ಫೀಡ್ ಆಂಟಿಬಯೋಟಿಕ್ ನಿಲ್ಲಿಸಿದರು. ಸಾವು ಜಾಸ್ತಿಯಾಗಲಿಲ್ಲ. ಎಫ್‌ಸಿಆರ್ (ಒಂದು ಕಿಲೋ ತೂಕಕ್ಕೆ ತಿನ್ನುವ ಫೀಡ್ ಕಿಲೋ) ಏರಿದ್ದು ಬರೀ 0.016. ಎರಡು ಕಿಲೋ ಕೋಳಿಗೆ 32 ಗ್ರಾಂ ಫೀಡ್! ಪುಡಿ ಕೊಳ್ಳದೆ ಉಳಿದ ದುಡ್ಡು ಬಹುಪಾಲು ಅದಕ್ಕೆ ಸರಿಹೋಯಿತು. ಅವರ ಶೆಡ್‌ಗಳು ಚೊಕ್ಕಟವಾಗಿದ್ದವು ಅನ್ನುವುದನ್ನು ಮರೆಯಬೇಡಿ.

ಪಶುವೈದ್ಯ, ಹಾಸನ ಕಡೆ

ಅಕ್ಕ ಬರೆದದ್ದನ್ನು ಒಪ್ಪುತ್ತೇನೆ. ಡೆನ್ಮಾರ್ಕ್ ವಿಷಯಕ್ಕೆ ಒಂದು ಮಾತು ಸೇರಿಸಬೇಕು. ಅಲ್ಲಿ ಸ್ಯಾಲಿನೋಮೈಸಿನ್ ತರಹದ ಕಾಕ್ಸಿ ಔಷಧಿ ನಿಲ್ಲಿಸಿರಲಿಲ್ಲ. 2006ರ ಜನವರಿ 1ರಿಂದ ಇಡೀ ಯುರೋಪಿಯನ್ ಒಕ್ಕೂಟ ಬೆಳವಣಿಗೆ ಆಂಟಿಬಯೋಟಿಕ್ ನಿಷೇಧಿಸಿದಾಗಲೂ ಇವು ಉಳಿದವು. ಇವು ಕ್ಲಾಸ್ಟ್ರಿಡಿಯಂ ಅನ್ನೂ ಒಂದಷ್ಟು ತಡೆಯುತ್ತವೆ. ಹಾಗಾಗಿ ಹೊನ್ನಾಳಿಯವರು ಎನ್ರಾಮೈಸಿನ್ ಜೊತೆಗೆ ಕಾಕ್ಸಿ ಔಷಧಿಯನ್ನೂ ಒಂದೇ ಬ್ಯಾಚ್‌ನಲ್ಲಿ ನಿಲ್ಲಿಸಬೇಡಿ. ಆದರೆ ಇದನ್ನು ಯುರೋಪಿನಲ್ಲಿ ಕಾಕ್ಸಿ ಔಷಧಿ ಅನ್ನುತ್ತಾರೆ, ಅಮೆರಿಕದಲ್ಲಿ ಆಂಟಿಬಯೋಟಿಕ್ ಅಂತಲೇ ಎಣಿಸುತ್ತಾರೆ. ಹೋಟೆಲಿನವರ ಹತ್ತಿರ ಮೊದಲೇ ಮುಚ್ಚುಮರೆ ಇಲ್ಲದೆ ಮಾತಾಡಿ. ಅವರಿಗೆ ಅದೂ ಬೇಡ ಅಂದರೆ ಕಾಕ್ಸಿ ಲಸಿಕೆ ಬಗ್ಗೆ ಯೋಚಿಸಬೇಕಾಗುತ್ತದೆ.

ಇನ್ನೊಂದು. ಕೋಳಿಗೆ ನಿಜವಾಗಿ ಕಾಯಿಲೆ ಬಂದಾಗ ಅರಿಶಿನ ನಂಬಿ ಕೂರಬೇಡಿ. ಸತ್ತ ಕೋಳಿ ಕೊಯ್ಯಿಸಿ ನೋಡಿ, ವೈದ್ಯರು ಹೇಳಿದ ಔಷಧಿಯನ್ನು ಹೇಳಿದಷ್ಟು ದಿನ ಕೊಡಿ. ಔಷಧಿ ನಿಲ್ಲಿಸಿದ ಮೇಲೆ ಎಷ್ಟು ದಿನ ಮಾರಬಾರದು ಅಂತ ಇರುತ್ತದೆ, ಅದನ್ನು ಪಾಲಿಸಿ. ಆ ಬ್ಯಾಚನ್ನು ಹೋಟೆಲಿಗೆ ಕೊಡಬೇಡಿ, ಮಾಮೂಲಿ ಮಾರುಕಟ್ಟೆಗೆ ಕಳಿಸಿ.

ಹೊನ್ನಾಳಿ ಫಾರಂ

ಅಕ್ಕ, ಡಾಕ್ಟರ್ ಸರ್, ತುಂಬಾ ಉಪಕಾರ ಆಯಿತು. ಜೋಳ ಒಣಗಿಸುವ ವಿಷಯ ಯಾರೂ ಕೇಳಿರಲಿಲ್ಲ. ಈ ಸಲ ತೇವ ನೋಡಿಸಿಯೇ ಚೀಲ ಕಟ್ಟುತ್ತೇನೆ. ಒಂದು ಪ್ರಶ್ನೆ ಉಳಿದಿದೆ. ನಮ್ಮ ಹಿತ್ತಿಲಲ್ಲಿ ದೊಡ್ಡಪತ್ರೆ ದಟ್ಟವಾಗಿ ಬೆಳೆದಿದೆ. ಅದರ ವಾಸನೆ ಓಂಕಾಳಿನದೇ ಅಲ್ವಾ? ಅದನ್ನು ಹಾಕಬಹುದಾ?

ಗೌರಿಬಿದನೂರು ಅಕ್ಕ

ಸರಿಯಾಗಿ ಗುರುತಿಸಿದಿರಿ. ದೊಡ್ಡಪತ್ರೆಯ ಎಣ್ಣೆಯಲ್ಲಿ ಕಾರ್ವಕ್ರಾಲ್, ಥೈಮಾಲ್ ಎರಡೂ ಇವೆ. ಆದರೆ ಆ ದಪ್ಪ ಎಲೆಯಲ್ಲಿ ಬಹುಪಾಲು ನೀರು. ಎರಡು ಸಾವಿರ ಕೋಳಿಯ ಫೀಡ್‌ಗೆ ಸಾಕಾಗುವಷ್ಟು ಹಿತ್ತಿಲಿನಿಂದ ಬರುವುದಿಲ್ಲ. ನಾವು ಅದನ್ನು ಬ್ರೂಡಿಂಗ್‌ನಲ್ಲಿರುವ (ಕಾವಿನ ಕೆಳಗಿರುವ) ಮರಿಗಳಿಗೆ ಮಾತ್ರ ಬಳಸುತ್ತೇವೆ. ಸಣ್ಣಗೆ ಹೆಚ್ಚಿ ಫೀಡ್ ಮೇಲೆ ಉದುರಿಸಿದರೆ ಮರಿಗಳು ಆಸೆಯಿಂದ ಕುಕ್ಕುತ್ತವೆ. ಒಣಗಿಸುವುದಾದರೆ ನೆರಳಿನಲ್ಲಿ ಒಣಗಿಸಿ, ಬಿಸಿಲಿಗೆ ಎಣ್ಣೆ ಹಾರಿಹೋಗುತ್ತದೆ.

ಡಾಕ್ಟರ್ ಹೇಳಿದ ಹಾಗೆ ಒಂದೇ ಸಲ ಎಲ್ಲ ಬದಲಾಯಿಸಬೇಡಿ. ಶೆಡ್ ನಡುವೆ ಜಾಲರಿ ಕಟ್ಟಿ ಎರಡು ಭಾಗ ಮಾಡಿ. ಒಂದು ಕಡೆ ಹಳೆಯ ಫೀಡ್, ಇನ್ನೊಂದು ಕಡೆ ಎನ್ರಾಮೈಸಿನ್ ಇಲ್ಲದ ಅರಿಶಿನದ ಫೀಡ್. ಚೀಲಗಳಿಗೆ ಬೇರೆ ಬಣ್ಣದ ದಾರ ಕಟ್ಟಿ, ಕೆಲಸದವರಿಗೆ ಗೊಂದಲ ಆಗುವುದಿಲ್ಲ. ವಾರಕ್ಕೊಮ್ಮೆ ಎರಡೂ ಕಡೆಯಿಂದ ಐವತ್ತು ಕೋಳಿ ತೂಗಿ, ತಿಂದ ಫೀಡ್ ಬರೆದಿಡಿ. ಪರೀಕ್ಷೆಯ ಈ ಬ್ಯಾಚ್ ಹೋಟೆಲಿಗೆ ಬೇಡ. ಮೊದಲ ಬಾರಿಗೆ ಮಳೆಗಾಲ ತಪ್ಪಿಸಿ, ಬೇಸಿಗೆಗೆ ಮುಂಚಿನ ಬ್ಯಾಚ್ ಆರಿಸಿಕೊಳ್ಳಿ. ಹೊಟ್ಟು ಒಣಗಿರುತ್ತದೆ.

ಮತ್ತೆ, ಕಷಾಯ ಮಾಡಿ ನೀರಿನ ಟ್ಯಾಂಕಿಗೆ ಸುರಿಯಿರಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಸೋಸಿದರೂ ಗಸಿ ಪೈಪಿನೊಳಗೆ ಲೋಳೆ ಕಟ್ಟುತ್ತದೆ, ನಿಪ್ಪಲ್ ಮುಚ್ಚಿಕೊಳ್ಳುತ್ತದೆ. ಕೊಡಲೇಬೇಕು ಅಂದರೆ ಕೈಯಲ್ಲಿ ತೊಳೆಯುವ ಬಟ್ಟಲು ಡ್ರಿಂಕರ್‌ನಲ್ಲಿ ಇಟ್ಟು, ಸಂಜೆಯೊಳಗೆ ಚೆಲ್ಲಿಬಿಡಿ.